ಗೊಬ್ಬರ ಕೇಳಿ ಬಂದವರಿಗೆ ಕತ್ತರಿ ತೋರಿಸುವ ಕೆಲಸ

ಶಿರಸಿಯ ಒಂದು ನರ್ಸರಿಯಲ್ಲಿ ನನ್ನ ಕೆಲಸ. ಮಳೆಗಾಲ ಹತ್ತಿರ ಬಂತೆಂದರೆ ಅಡಿಕೆ ಸಸಿ, ಮೆಣಸಿನ ಬಳ್ಳಿ ಕೇಳುವವರೇ ಜಾಸ್ತಿ. ಉಳಿದ ದಿನಗಳಲ್ಲಿ ಪೇಟೆಯ ಮನೆಗಳವರು ಬರುತ್ತಾರೆ. ಅವರ ದೂರು ಹೆಚ್ಚುಕಮ್ಮಿ ಒಂದೇ: "ಮನಿ ಪ್ಲಾಂಟು ಉದ್ದಕ್ಕೆ ಹೋಗ್ತಾ ಇದೆ, ಎಲೆಯೇ ಇಲ್ಲ. ಏನಾದ್ರೂ ಗೊಬ್ಬರ ಕೊಡಿ." ಗೊಬ್ಬರ ಮಾರಿದರೆ ಯಜಮಾನರಿಗೆ ಖುಷಿಯೇ. ಆದರೆ ಬೋಳಾದ ಬಳ್ಳಿಗೆ ಗೊಬ್ಬರ ಹಾಕಿದರೆ ತುದಿ ಇನ್ನೊಂದು ಮೊಳ ಮುಂದೆ ಹೋಗುತ್ತದೆ, ಅಷ್ಟೇ. ಬುಡ ಬೋಳಾಗಿಯೇ ಇರುತ್ತದೆ.

ಕಾರಣ ತಿಳಿಯಬೇಕೆಂದರೆ ಬಳ್ಳಿಯನ್ನು ಬೆಳಕಿಗೆ ಹಿಡಿದು ನೋಡಿ. ಎಲೆ ಹೊರಡುವ ಪ್ರತಿ ಜಾಗದಲ್ಲೂ ಒಂದು ಗಣ್ಣು ಇರುತ್ತದೆ. ಅಲ್ಲೇ ಕಂದು ಬಣ್ಣದ ಸಣ್ಣ ಮೊಳೆಯ ಹಾಗೆ ಕಾಣುವುದು ಗಾಳಿಬೇರು. ಎಲೆಯ ತೊಟ್ಟು ಬಳ್ಳಿಗೆ ಸೇರುವ ಸಂದಿಯಲ್ಲಿ ಒಂದು ಕಣ್ಣು ಇರುತ್ತದೆ, ಕಬ್ಬಿನಲ್ಲಿ ಇರುತ್ತದಲ್ಲ, ಹಾಗೆ. ಎಲೆ ಉದುರಿ ಎಷ್ಟೋ ದಿನವಾದರೂ ಈ ಕಣ್ಣು ಸತ್ತಿರುವುದಿಲ್ಲ. ತುದಿಯ ಕುಡಿ ಆಕ್ಸಿನ್ ಎಂಬ ಹಾರ್ಮೋನನ್ನು ಬುಡದ ಕಡೆಗೆ ಕಳಿಸುತ್ತಾ ಇರುತ್ತದೆ. ಅದು ಇರುವಷ್ಟು ದಿನ ಹಿಂದಿನ ಕಣ್ಣುಗಳು ಏಳುವುದಿಲ್ಲ. ಕುಡಿ ಹೋದರೆ, ಕತ್ತರಿಸಿದ ಜಾಗದ ಹಿಂದೆಯೇ ಇರುವ ಕಣ್ಣು ಮೊದಲು ಒಡೆಯುತ್ತದೆ. ಉದುರಿದ ಎಲೆಯ ಜಾಗದಲ್ಲಿ ಅದೇ ಎಲೆ ಮತ್ತೆ ಬರುವುದಿಲ್ಲ. ಹೊಸ ಕವಲು ಬಂದರೆ ಮಾತ್ರ ಅಲ್ಲಿ ಹಸಿರು.

ಹೆಚ್ಚಿನವರು ಮನಸ್ಸಿಲ್ಲದ ಮನಸ್ಸಿನಿಂದ ತುದಿಯಲ್ಲಿ ನಾಲ್ಕು ಬೆರಳು ಕತ್ತರಿಸುತ್ತಾರೆ. ಆಗ ಕವಲು ಒಡೆಯುವುದೂ ತುದಿಯಲ್ಲೇ. ಇಳಿಬಿಟ್ಟ ಬಳ್ಳಿಯಾದರೆ ಮೇಲೆ ಬರೀ ಹುರಿ, ಕೆಳಗೊಂದು ಗೊಂಚಲು. ದಟ್ಟ ಎಲೆ ಎಲ್ಲಿ ಬೇಕೋ ಅಲ್ಲಿಗೇ ಕತ್ತರಿ ಹೋಗಬೇಕು, ಅಂದರೆ ಕುಂಡದ ಬಾಯಿಂದ ಒಂದು ಗೇಣಿನೊಳಗೆ. ಗಣ್ಣಿನಿಂದ ಮುಂದಕ್ಕೆ ಸ್ವಲ್ಪವೇ ಬಿಟ್ಟು ಕತ್ತರಿಸಿ. ಉದ್ದ ಮೋಟು ಬಿಟ್ಟರೆ ಅದು ಒಣಗುತ್ತದೆ, ನೋಡಲೂ ಚೆಂದವಿಲ್ಲ.

ಯಲ್ಲಾಪುರ ರಸ್ತೆಯ ಕಡೆ ಒಂದು ಮನೆಗೆ ಗಿಡ ನೋಡಲು ಹೋಗಿದ್ದೆ. ಜಗುಲಿಯ ಸುತ್ತ ಮೊಳೆ ಹೊಡೆದು, ದಾರ ಕಟ್ಟಿ ಬಳ್ಳಿಯನ್ನು ಓಡಿಸಿದ್ದರು. ಕುಂಡ ಈ ಮೂಲೆಯಲ್ಲಿ, ಎಲೆ ಆ ಮೂಲೆಯಲ್ಲಿ. ಕತ್ತರಿ ತೆಗೆದ ಕೂಡಲೇ ಆ ಮನೆಯ ಅಮ್ಮ ತಡೆದರು. "ದುಡ್ಡಿನ ಬಳ್ಳಿ ತಮ್ಮಾ, ಕತ್ತರಿಸಿದ್ರೆ ಲಕ್ಷ್ಮಿಗೆ ಕತ್ತರಿ ಹಾಕಿದ ಹಾಗೆ ಅಲ್ವಾ?"

ಈ ಪ್ರಶ್ನೆಗೆ ನಗಬಾರದು. ನಾನು ಹೇಳಿದ್ದು ಗಿಡದ ಕತೆಯನ್ನೇ. ಮನಿ ಪ್ಲಾಂಟಿನ ಮೂಲ ಪೆಸಿಫಿಕ್ ಸಾಗರದ ಮೊರಿಯಾ ಎಂಬ ದ್ವೀಪ. ಜಿಬ್ಬರೆಲಿನ್ ಎಂಬ ಹಾರ್ಮೋನು ತಯಾರಿಸುವ ಅದರ ಜೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಅದು ತಾನಾಗಿ ಹೂ ಬಿಡುವುದೇ ಇಲ್ಲ ಅನ್ನಬಹುದು. ಹೂವಿಲ್ಲ ಅಂದಮೇಲೆ ಬೀಜವೂ ಇಲ್ಲ. "ಶಿರಸಿಯಲ್ಲಿ ಇರೋದೆಲ್ಲಾ ಯಾರೋ ಕತ್ತರಿಸಿ ಕೊಟ್ಟಿದ್ದೇ ಅಮ್ಮಾ. ಕದ್ದು ತಂದರೆ ಮಾತ್ರ ದುಡ್ಡು ಬರುತ್ತೆ ಅಂತಾರಲ್ಲ, ಕದಿಯೋಕೂ ಕತ್ತರಿಸಲೇಬೇಕು." ಒಳಗೆ ಮೆಣಸು ಬಿಡಿಸುತ್ತಾ ಕೂತಿದ್ದ ಯಜಮಾನರು ಜೋರಾಗಿ ನಕ್ಕರು. "ಹಾಕ್ಲಿ ಬಿಡೇ. ನಾವು ಮೆಣಸಿನ ಬಳ್ಳಿಗೆ ಹಾಕೋದಿಲ್ವ?"

ಅವರ ಮಾತು ಸರಿ. ಮೆಣಸಿನ ಬುಡದಲ್ಲಿ ಹಬ್ಬುವ ಬಳ್ಳಿಗಳನ್ನು ಮಣ್ಣಿಗೆ ತಾಗದ ಹಾಗೆ ಗೂಟಕ್ಕೆ ಸುತ್ತಿಟ್ಟು, ಫೆಬ್ರವರಿ-ಮಾರ್ಚ್ ಹೊತ್ತಿಗೆ ಕತ್ತರಿಸಿ, ಎರಡು ಮೂರು ಗಣ್ಣಿನ ತುಂಡು ಮಾಡಿ ಮಣ್ಣು ತುಂಬಿದ ಪ್ಲಾಸ್ಟಿಕ್ ಕೊಟ್ಟೆಗೆ ಊರುವುದು ಇಲ್ಲಿಯವರಿಗೆ ಗೊತ್ತಿರುವ ಕೆಲಸ. ಮನಿ ಪ್ಲಾಂಟಿಗೂ ಅದೇ ಲೆಕ್ಕ. ಎರಡು ಗಣ್ಣಿನ ತುಂಡು ಸಾಕು. ಎಲೆಯಿಲ್ಲದ ತುಂಡೂ ಚಿಗುರುತ್ತದೆ, ಸ್ವಲ್ಪ ತಡ, ಅಷ್ಟೇ. ಬೋಳು ತುಂಡಿನಲ್ಲಿ ಬುಡ ಯಾವುದು, ತಲೆ ಯಾವುದು ಗೊತ್ತಾಗುವುದಿಲ್ಲ. ಅದಕ್ಕೆ ಬುಡವನ್ನು ಓರೆಯಾಗಿ, ತಲೆಯನ್ನು ನೇರವಾಗಿ ಕತ್ತರಿಸುತ್ತೇನೆ. ಬರೀ ಎಲೆ ಕಿತ್ತು ನೀರಿಗಿಟ್ಟವರು ಮಾತ್ರ ಸುಮ್ನೆ ಕಾಯುತ್ತಾ ಇರುತ್ತಾರೆ. ಬೇರು ಬರುತ್ತದೆ, ಕಣ್ಣಿಲ್ಲದ್ದರಿಂದ ಬಳ್ಳಿ ಬರುವುದಿಲ್ಲ. ತುಂಡುಗಳನ್ನು ಹಳೇ ಕುಂಡದಲ್ಲೇ ಖಾಲಿ ಜಾಗ ನೋಡಿ ಊರಿದರೆ ಕುಂಡ ಬೇಗ ತುಂಬುತ್ತದೆ. ಅಮ್ಮ ಒಪ್ಪಿದ್ದೂ ಈ ಕಾರಣಕ್ಕೇ. ಏನೂ ಬಿಸಾಡಲಿಲ್ಲ ನೋಡಿ.

ಕತ್ತರಿ ಹಾಕುವ ಮೊದಲು ಕಿಟಕಿ ನೋಡಿ. ಎಲೆ ದೂರ ದೂರ ಬಂದಿದ್ದರೆ, ಹಳದಿ ಪಟ್ಟೆ ಮಾಸಿ ಹಸಿರಾಗಿದ್ದರೆ ಅದು ಬೆಳಕು ಸಾಲದ ಗಿಡ. ಅಲ್ಲೇ ಇಟ್ಟರೆ ಹೊಸ ಚಿಗುರೂ ಹಾಗೇ ಬರುತ್ತದೆ. ಸುಡುಬಿಸಿಲೂ ಬೇಡ, ಕಿಟಕಿಯ ಪಕ್ಕ ಸಾಕು. ನಮ್ಮಲ್ಲಿ ಜೂನಿನಿಂದ ತಿಂಗಳುಗಟ್ಟಲೆ ಮೋಡ, ಮನೆಯೊಳಗೆ ಹಗಲಲ್ಲೂ ದೀಪ ಬೇಕು. ಹಾಗಾಗಿ ಜೋರಾಗಿ ಸವರುವುದಿದ್ದರೆ ಏಪ್ರಿಲ್-ಮೇನಲ್ಲೇ ಮುಗಿಸಿ. ಮಳೆ ಹಿಡಿಯುವ ಮೊದಲು ಚಿಗುರು ಎದ್ದಿರುತ್ತದೆ. ಡಿಸೆಂಬರ್ ಚಳಿಯಲ್ಲಿ ಕತ್ತರಿಸಿದರೆ ಸಾಯುವುದಿಲ್ಲ, ಚಿಗುರಲು ಸತಾಯಿಸುತ್ತದೆ.

ಇದು ಕೆಸುವಿನ ಕುಟುಂಬದ ಗಿಡ. ರಸ ತಾಗಿದರೆ ಕೆಲವರಿಗೆ ಕೈ ತುರಿಸುತ್ತದೆ, ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಹರಳಿನ ಸಣ್ಣ ಸೂಜಿಗಳಿಂದ. ಮಕ್ಕಳು, ನಾಯಿ ಇರುವ ಮನೆಯಲ್ಲಿ ತುಂಡುಗಳನ್ನು ನೆಲದ ಮೇಲೆ ಬಿಡಬೇಡಿ. ತೋಟದಲ್ಲಿ ಬಳಸಿದ ಕತ್ತರಿಯಾದರೆ ಮೊದಲು ಸ್ಪಿರಿಟ್ ಹಚ್ಚಿ ಒರೆಸಿ, ಅಲ್ಲಿಯ ಕೊಳೆರೋಗ ಮನೆಯೊಳಗೆ ಬರುವುದು ಬೇಡ.

ಸವರಿದ ಮೇಲೆ ನೀರು ಕಡಿಮೆ ಮಾಡಿ. ಎಲೆ ಕಡಿಮೆ ಇರುವಾಗ ಗಿಡ ಕುಡಿಯುವುದೂ ಕಡಿಮೆ. ಬೆರಳು ಇಳಿಸಿ ನೋಡಿ, ಮೇಲಿನ ಒಂದಿಂಚು ಮಣ್ಣು ಒಣಗಿದ್ದರೆ ಮಾತ್ರ ಹಾಕಿ. ಗೊಬ್ಬರ ಬೇಕೇಬೇಕು ಅನ್ನುವವರು ಹೊಸ ಎಲೆ ಬಿಚ್ಚಿಕೊಂಡ ಮೇಲೆ ಬನ್ನಿ, ಆಗ ಮಾರುತ್ತೇನೆ.