ತೋಟದ ರೈಟರ್ ಕೆಲಸದಿಂದ ಹಾಕಿ ಅನಾಲಿಸ್ಟ್ ಕೆಲಸಕ್ಕೆ: ಇಲ್ಲಿಯವರೆಗಿನ ಲೆಕ್ಕ

ಆಗಸ್ಟ್ 2024

ಕೊಡಗಿನ ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟವೊಂದರಲ್ಲಿ ನಾನು ಹದಿನಾರು ವರ್ಷದಿಂದ ರೈಟರ್. ಬೆಳಿಗ್ಗೆ ಚೆಕ್‌ರೋಲ್ ಹಿಡಿದು ಹಾಜರಿ ಹಾಕುವುದು, ಕೊಯ್ಲಿನ ಕಾಲದಲ್ಲಿ ಸಂಜೆ ತೂಕ ಬರೆಯುವುದು, ವಾರಕ್ಕೊಮ್ಮೆ ಬಟವಾಡೆ. ವಯಸ್ಸು ನಲವತ್ತೊಂದು. ಹಾಕಿ ಆಡಿದ್ದು ಹೈಸ್ಕೂಲ್ ತಂಡದವರೆಗೆ ಮಾತ್ರ. ನೋಡುವುದನ್ನು ಮಾತ್ರ ಒಂದು ದಿನವೂ ಬಿಟ್ಟಿಲ್ಲ.

ಆಗಸ್ಟ್ 4ರಂದು ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್. ಭಾರತ ಮತ್ತು ಗ್ರೇಟ್ ಬ್ರಿಟನ್. 17ನೇ ನಿಮಿಷಕ್ಕೆ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಬಿತ್ತು. ಆಮೇಲೆ ನಲವತ್ತಕ್ಕೂ ಜಾಸ್ತಿ ನಿಮಿಷ ನಮ್ಮವರು ಹತ್ತೇ ಜನ ಆಡಿದರು. 1-1ರಲ್ಲಿ ನಿಂತು ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ನೋಡುತ್ತಾ ಕೂರಲು ಆಗದೆ, ಕೈಗೆ ಸಿಕ್ಕ ಹಳೇ ಚೆಕ್‌ರೋಲ್ ಹಾಳೆಯ ಹಿಂದೆ ಗೀಟು ಹಾಕುತ್ತಾ ಹೋದೆ. ಬ್ರಿಟನ್ ಸರ್ಕಲ್ ಒಳಗೆ ಬಂದಾಗೆಲ್ಲ ಒಂದು ಗೀಟು. ಎಡದಿಂದ ಬಂದರೆ ಎಡಕ್ಕೆ, ಬಲದಿಂದ ಬಂದರೆ ಬಲಕ್ಕೆ.

ಸರ್ಕಲ್ ಅಂದರೆ ಗೋಲಿನ ಮುಂದೆ 14.63 ಮೀಟರ್ ದೂರದಲ್ಲಿ ಬಾಗಿಕೊಂಡು ಹೋಗುವ ಗೆರೆ. ಆಕ್ರಮಣ ಮಾಡುವವನ ಸ್ಟಿಕ್ ಆ ಗೆರೆಯ ಒಳಗೆ ಚೆಂಡಿಗೆ ತಾಗದಿದ್ದರೆ ಗೋಲು ಲೆಕ್ಕಕ್ಕಿಲ್ಲ. ಹಾಗಾಗಿ ಎಷ್ಟು ಸಲ ಒಳಗೆ ಹೋದರು, ಎಲ್ಲಿಂದ ಹೋದರು, ಹೋಗಿ ಏನಾಯ್ತು ಅನ್ನುವುದರಲ್ಲೇ ಅರ್ಧ ಪಂದ್ಯದ ಕಥೆ ಇರುತ್ತೆ.

ಎರಡು ದಿನ ಬಿಟ್ಟು ಇಡೀ ಪಂದ್ಯವನ್ನು ಮತ್ತೆ ನೋಡಿದೆ. ನನಗೆ ಚೆನ್ನಾಗಿ ನೆನಪಿದೆ ಅಂದುಕೊಂಡ ಮೂರು ಸಂದರ್ಭಗಳಲ್ಲಿ ಎರಡು ತಪ್ಪಾಗಿದ್ದವು. ಹಾಳೆಯ ಮೇಲಿನ ಗೀಟುಗಳು ಮಾತ್ರ ಸರಿಯಾಗಿದ್ದವು. ಆ ರಾತ್ರಿ ನಿದ್ದೆ ಬರಲಿಲ್ಲ.

ಮನೆಯಲ್ಲಿ ಹೇಳಿದೆ. ಹೆಂಡತಿ ಕೇಳಿದಳು, "ಈ ವಯಸ್ಸಲ್ಲಿ ಆಡೋಕೆ ಹೋಗ್ತೀರಾ?"

"ಆಡೋಕಲ್ಲ. ಬರೆಯೋಕೆ."

"ಬರೆದ್ರೆ ಸಂಬಳ ಕೊಡ್ತಾರಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕಿದಾಗ ಗೊತ್ತಾಯ್ತು, ದೊಡ್ಡ ತಂಡಗಳಿಗೆಲ್ಲ ವಿಡಿಯೋ ಅನಾಲಿಸ್ಟ್ ಅಂತ ಒಬ್ಬರು ಇರುತ್ತಾರೆ. ಪಂದ್ಯ ನಡೆಯುವಾಗಲೇ ತುಣುಕು ಮಾಡಿ ಕೋಚ್ ಕೈಗೆ ಕೊಡುತ್ತಾರೆ. ನಮ್ಮ ಜಿಲ್ಲೆಯ ಸಣ್ಣ ತಂಡಗಳಿಗೆ ಅಂಥವರು ಯಾರೂ ಇಲ್ಲ. ಹಾಕಿಗೆ ಇಷ್ಟು ಹೆಸರು ಮಾಡಿದ ಜಿಲ್ಲೆ ಇದು. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದ ಎಂ.ಎಂ. ಸೋಮಯ್ಯ ನಮ್ಮವರು. ಭಾರತ ತಂಡಕ್ಕೆ ಆಡಿದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಓಡಿದ ಮಣ್ಣಿನಲ್ಲೇ ನಾವೂ ಓಡಿದವರು. ಆಡುವವರಿಗೆ ಕೊರತೆ ಇಲ್ಲ. ಬರೆದಿಡುವವರಿಲ್ಲ.

ಸೆಪ್ಟೆಂಬರ್ – ನವೆಂಬರ್

ಮೊದಲ ತಪ್ಪು ಇಲ್ಲೇ ಆಯ್ತು. ಸ್ಪೋರ್ಟ್ಸ್ ಅನಾಲಿಸ್ಟ್ ಮಾಡಿ ಕೆಲಸ ಕೊಡಿಸುತ್ತೇವೆ ಅಂದ ಒಂದು ಆನ್‌ಲೈನ್ ಕೋರ್ಸಿಗೆ ಹನ್ನೆರಡು ಸಾವಿರ ಕಟ್ಟಿದೆ. ಆರು ವಾರ ಪೂರ್ತಿ ಕ್ರಿಕೆಟ್. ಹಾಕಿ ಬಗ್ಗೆ ಕೇಳಿದರೆ "ತತ್ವ ಒಂದೇ" ಅಂದರು. ಕೊನೆಗೆ ಒಂದು ಸರ್ಟಿಫಿಕೇಟ್ ಬಂತು, ಕೆಲಸ ಬರಲಿಲ್ಲ. ಆ ದುಡ್ಡು ಮಗಳ ಫೀಸಿಗೆ ಇಟ್ಟಿದ್ದು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತೆ. ಈ ದಾರಿಗೆ ಬರುವವರಿಗೆ ನನ್ನ ಮಾತು ಇಷ್ಟೇ: ದುಡ್ಡು ಕಟ್ಟುವ ಮೊದಲು ಹತ್ತು ಪಂದ್ಯ ನೀವೇ ಬರೆದು ನೋಡಿ. ಕೂತು ಬರೆಯಲು ಆಗುತ್ತಾ ಇಲ್ವಾ ಅಂತ ಅಲ್ಲೇ ಗೊತ್ತಾಗಿಬಿಡುತ್ತೆ.

ಹದಿನೆಂಟು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ. ಕಿನೋವಿಯಾ ಅನ್ನುವ ತಂತ್ರಾಂಶ ಉಚಿತ. ನಿಧಾನಗತಿಯಲ್ಲಿ ನೋಡಲು, ಚಿತ್ರದ ಮೇಲೆ ಗೆರೆ ಎಳೆಯಲು ಅದು ಸಾಕು. ಉಳಿದದ್ದೆಲ್ಲ ಎಕ್ಸೆಲ್ ಹಾಳೆ. ಅದನ್ನು ಚೆಕ್‌ರೋಲ್ ಥರವೇ ಮಾಡಿದೆ. ಎಡಗಡೆ ಹೆಸರು, ಮೇಲೆ ನಿಮಿಷ, ಮನೆಗಳಲ್ಲಿ ಗುರುತು. ಬೇರೆಯವರ ಮಾದರಿ ಹುಡುಕಿ ಒದ್ದಾಡುವುದಕ್ಕಿಂತ ಕೈಗೆ ಪಳಗಿದ್ದೇ ಬೇಗ ಆಯ್ತು.

ಮೊದಲ ಸಲ ಚಿತ್ರೀಕರಿಸಿದ ಪಂದ್ಯ ಪೂರ್ತಿ ವೇಸ್ಟ್. ಮೈದಾನದ ಅಂಚಿನಲ್ಲಿ ನಿಂತು ಮೊಬೈಲ್‌ನಲ್ಲಿ ಹಿಡಿದಿದ್ದೆ. ಮನೆಗೆ ಬಂದು ನೋಡಿದರೆ ಒಬ್ಬರ ಹಿಂದೆ ಒಬ್ಬರು ಮರೆಯಾಗಿ ಬರೀ ಕಾಲು, ಸ್ಟಿಕ್ಕು. ಯಾರ ನಡುವೆ ಎಷ್ಟು ಜಾಗ ಇತ್ತು ಅಂತ ತಿಳಿಯುವಂತೆಯೇ ಇರಲಿಲ್ಲ. ಎತ್ತರ ಬೇಕು.

ಎತ್ತರ ತೋಟದಲ್ಲೇ ಇತ್ತು. ಮೆಣಸು ಕೊಯ್ಯುವ ಏಣಿ! ಮೈದಾನದ ಪಕ್ಕದ ಸಿಲ್ವರ್ ಮರಕ್ಕೆ ಏಣಿ ಒರಗಿಸಿ, ಹಗ್ಗ ಬಿಗಿದು, ಹದಿನೈದು ಅಡಿ ಮೇಲೆ ಮೊಬೈಲ್ ಸ್ಟ್ಯಾಂಡ್ ಕಟ್ಟಿದೆ. ಸೆಂಟರ್ ಲೈನಿಗೆ ನೇರವಾಗಿ ಇಟ್ಟರೆ ಎರಡೂ ಸರ್ಕಲ್ ಕಾಣುತ್ತೆ. ಒಂದು ಕಿವಿಮಾತು, ಸ್ಕ್ರೀನ್ ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಇಲ್ಲದಿದ್ದರೆ ಮಂಜು ಬಂದ ಕೂಡಲೇ ಕ್ಯಾಮೆರಾ ಮಂಜನ್ನೇ ಹಿಡಿಯಲು ಹೋಗುತ್ತೆ, ಆಟಗಾರರು ಮಸುಕಾಗುತ್ತಾರೆ. ನನ್ನ ಎರಡು ಪಂದ್ಯ ಹಾಗೇ ಹಾಳಾಯ್ತು.

ಡಿಸೆಂಬರ್ – ಮಾರ್ಚ್ 2025

ಕೊಯ್ಲು. ಏನೂ ಮಾಡಲಾಗಲಿಲ್ಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ, ಅದರ ಹಿಂದೆಯೇ ಮೆಣಸು. ಕೆಲಸ ಬದಲಿಸುತ್ತೇನೆ ಅನ್ನುವವನಿಗೂ ತೋಟದ ಕಾಲ ಕಾಯುವುದಿಲ್ಲ, ಅಲ್ವಾ? ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದ ಮೇಲೆ ಸಾಹುಕಾರರ ಹತ್ತಿರ ಮಾತಾಡಿದೆ. ಕೊಯ್ಲಿನ ಕಾಲದಲ್ಲಿ ಪೂರ್ತಿ ಬರುತ್ತೇನೆ, ಉಳಿದ ತಿಂಗಳು ವಾರಕ್ಕೆ ಮೂರು ದಿನ. ಸಂಬಳ ಅದಕ್ಕೆ ತಕ್ಕಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಿ ನೋಡಪ್ಪ, ಆಗದಿದ್ರೆ ಬಾ" ಅಂದರು. ಆ ಮಾತಿನ ಋಣ ದೊಡ್ಡದು.

ಏಪ್ರಿಲ್ 2025

ಮಡಿಕೇರಿಯಲ್ಲಿ ಮುದ್ದಂಡ ಕಪ್. ಕೊಡವ ಕುಟುಂಬಗಳ ಹಾಕಿ ಹಬ್ಬ, ಆ ವರ್ಷ ನಡೆಸುವ ಕುಟುಂಬದ ಹೆಸರೇ ಕಪ್‌ಗೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ ಇದ್ದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ಬಂದು ಗಿನ್ನೆಸ್ ದಾಖಲೆಯಾಯ್ತು. ಈ ಸಲ 396. ನಾಕೌಟ್‌ನಲ್ಲಿ ಒಬ್ಬರು ಗೆಲ್ಲಬೇಕಾದರೆ ಉಳಿದವರೆಲ್ಲ ಒಂದೊಂದು ಸಲ ಸೋಲಲೇಬೇಕು. ಅಂದರೆ ಕಡಿಮೆ ಅಂದರೂ 395 ಪಂದ್ಯ. ಕಲಿಯುವವನಿಗೆ ಇದಕ್ಕಿಂತ ದೊಡ್ಡ ಶಾಲೆ ಎಲ್ಲಿ ಸಿಗುತ್ತೆ?

ರಜೆ ಹಾಕಿ ಒಂಬತ್ತು ದಿನ ಕೂತೆ. ಕ್ಯಾಮೆರಾ ಇಲ್ಲ, ಬರೀ ಹಾಳೆ, ಪೆನ್ಸಿಲ್. ಒಂದೇ ತಂಡದಲ್ಲಿ ಅಜ್ಜ, ಸೊಸೆ, ಶಾಲೆಗೆ ಹೋಗುವ ಮೊಮ್ಮಗ. ಬೇರೆ ಊರಿಂದ ರಜೆಗೆ ಬಂದ ಹುಡುಗರು. ಗೋಲು ಹೊಡೆದವರಿಗೆ ಸುತ್ತಲಿನ ಜನರ ಕೂಗು. ಇದನ್ನು ನೋಡುತ್ತಾ ಬೆಳೆದವನಿಗೂ ಕಣ್ಣು ತುಂಬಿ ಬರುತ್ತೆ.

ನಾಲ್ಕನೇ ದಿನ ಒಂದು ವಿಷಯ ನನ್ನನ್ನು ನಿಲ್ಲಿಸಿತು. ಒಂದು ತಂಡದ ಲೆಫ್ಟ್ ಹಾಫ್‌ನಲ್ಲಿ, ಅಂದರೆ ಎಡಬದಿಯಲ್ಲಿ ಎದುರಾಳಿಯನ್ನು ತಡೆಯುವ ಜಾಗದಲ್ಲಿ, ಅರವತ್ತು ದಾಟಿದವರೊಬ್ಬರು ನಿಂತಿದ್ದರು. ಬಿಳಿ ಟೋಪಿ, ಮಂಡಿಗೆ ಪಟ್ಟಿ. ಓಡುತ್ತಲೇ ಇರಲಿಲ್ಲ. ಎರಡು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಹಿಂದಕ್ಕೆ, ಅಷ್ಟೇ. ಎದುರು ತಂಡದ ಹುಡುಗ ಚೆಂಡು ಹಿಡಿದು ತಲೆ ಎತ್ತುತ್ತಿದ್ದ, ಇವರು ನಿಂತದ್ದು ನೋಡುತ್ತಿದ್ದ, ಪಾಸ್ ಬೇರೆ ಕಡೆ ಕೊಡುತ್ತಿದ್ದ. ಹೀಗೇ ಮತ್ತೆ ಮತ್ತೆ. ಪಂದ್ಯ ಮುಗಿದಾಗ ನನ್ನ ಹಾಳೆಯಲ್ಲಿ ಅವರ ಸಾಲು ಹೆಚ್ಚುಕಡಿಮೆ ಖಾಲಿ. ಚೆಂಡು ಮುಟ್ಟಿದ್ದು ಎರಡು ಸಲ. ಆದರೆ ಆ ಬದಿಯಿಂದ ಎದುರಾಳಿಗಳು ಒಂದು ಸಲವೂ ಸರ್ಕಲ್ ಒಳಗೆ ಬಂದಿರಲಿಲ್ಲ.

ಇದು ನನಗೆ ತೋಟದಲ್ಲೇ ಗೊತ್ತಿರಬೇಕಿತ್ತು. ಕೊಯ್ಲಿನಲ್ಲಿ ನಾನು ಬರೆಯುವುದು ಕಿಲೋ. ಗಿಡಕ್ಕೆ ಪೆಟ್ಟು ಮಾಡಿ, ಕಾಯಿ ಹಣ್ಣು ಎರಡನ್ನೂ ಬಾಚಿದವರ ಮೂಟೆ ಭಾರ. ರೆಂಬೆ ಮುರಿಯದೆ ಹಣ್ಣು ಮಾತ್ರ ಆರಿಸಿ ತೆಗೆಯುವ ಹೆಂಗಸಿನ ಮೂಟೆ ಹಗುರ. ಅವಳಿಂದ ಮುಂದಿನ ವರ್ಷದ ಫಸಲು ಉಳಿಯಿತು ಅಂತ ಬರೆಯಲು ನನ್ನ ಪುಸ್ತಕದಲ್ಲಿ ಅಂಕಣವೇ ಇಲ್ಲ. ಹದಿನಾರು ವರ್ಷ ಅದನ್ನೇ ಬರೆದಿದ್ದೇನೆ.

ಅವತ್ತು ರಾತ್ರಿ ಹಾಳೆಗೆ ಹೊಸ ಅಂಕಣ ಸೇರಿಸಿದೆ. ಹೆಸರು "ದಾರಿ ಮುಚ್ಚಿದ್ದು". ಎದುರಾಳಿ ತಲೆ ಎತ್ತಿ ನೋಡಿ, ಕೊಡಬೇಕಾದ ಕಡೆ ಕೊಡದೆ ಬೇರೆ ಕಡೆ ತಿರುಗಿದರೆ, ಅಲ್ಲಿ ನಿಂತವರ ಹೆಸರಿಗೆ ಒಂದು ಗೀಟು. ಇದು ಊಹೆಯ ಲೆಕ್ಕ, ತಪ್ಪಾಗಬಹುದು. ಅದಕ್ಕೇ ವಿಡಿಯೋ ಇದ್ದ ಪಂದ್ಯಕ್ಕೆ ಮಾತ್ರ, ಎರಡು ಸಲ ನೋಡಿ, ಎರಡೂ ಸಲ ಒಂದೇ ಅನ್ನಿಸಿದರೆ ಮಾತ್ರ ಹಾಕುತ್ತೇನೆ.

ಜೂನ್ – ಜುಲೈ

ಮಳೆ. ಮೈದಾನದಲ್ಲಿ ನೀರು. ಮನೆಯಲ್ಲಿ ಕೂತು ಹಳೇ ವಿಡಿಯೋಗಳನ್ನೆಲ್ಲ ಹೊಸ ಅಂಕಣದೊಂದಿಗೆ ಮತ್ತೆ ಬರೆದೆ. ಕರೆಂಟ್ ಹೋದಾಗ ರೂಲ್ಸ್ ಪುಸ್ತಕ ಓದಿದೆ. ಒಂದು ಗಂಟೆಯ ಪಂದ್ಯ ಬರೆಯಲು ಮೊದಲು ಏಳು ಗಂಟೆ ಬೇಕಿತ್ತು, ಈಗ ಮೂರೂವರೆ.

ಆಗಸ್ಟ್ – ಅಕ್ಟೋಬರ್ 2025

ಒಂದು ಹೈಸ್ಕೂಲಿನ ಹುಡುಗಿಯರ ತಂಡಕ್ಕೆ ಕೆಲಸ ಶುರು ಮಾಡಿದೆ. ಮಕ್ಕಳ ವಿಡಿಯೋ ಆದ್ದರಿಂದ ಮೊದಲು ಶಾಲೆಯಿಂದ, ಪೋಷಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ತಗೊಂಡೆ. ಎಲ್ಲೂ ಹಾಕುವುದಿಲ್ಲ, ಕೋಚ್ ಬಿಟ್ಟು ಯಾರಿಗೂ ಕಳಿಸುವುದಿಲ್ಲ ಅಂತ. ಇದರಲ್ಲಿ ರಾಜಿ ಇಲ್ಲ.

ಮೊದಲ ವರದಿ ಹನ್ನೊಂದು ಪುಟ ಬರೆದು ಕೊಟ್ಟೆ. ಕೋಚ್ ಮೇಡಂ ಎರಡು ಪುಟ ತಿರುಗಿಸಿ, "ಇಷ್ಟೆಲ್ಲ ನಾನು ಯಾವಾಗ ಓದಲಿ? ನಾಳೆ ಪ್ರಾಕ್ಟೀಸ್‌ನಲ್ಲಿ ಏನು ಮಾಡಿಸಬೇಕು, ಅದೊಂದು ಹೇಳಿ" ಅಂದರು. ಅವರು ಹೇಳಿದ್ದು ಸರಿ. ಮುಂದಿನ ಸಲದಿಂದ ಒಂದು ಪುಟ, ಒಂದೂವರೆ ನಿಮಿಷದ ತುಣುಕು.

ಎರಡನೇ ವರದಿಯಲ್ಲಿ ಹೇಳಿದ ಒಂದೇ ವಿಷಯ: ನಮ್ಮ ಹುಡುಗಿಯರು ಬರೀ ಬಲಗಡೆಯಿಂದ ನುಗ್ಗುತ್ತಾರೆ. ಇದಕ್ಕೆ ಕಾರಣ ಸ್ಟಿಕ್‌ನಲ್ಲೇ ಇದೆ. ಹಾಕಿಯಲ್ಲಿ ಎಡಗೈಯವರಿಗೆ ಬೇರೆ ಸ್ಟಿಕ್ ಇಲ್ಲ, ಚಪ್ಪಟೆ ಮುಖ ಎಡಕ್ಕಿರುತ್ತೆ, ಗುಂಡಗಿನ ಹಿಂಬದಿಯಿಂದ ಆಡುವಂತಿಲ್ಲ. ಹಾಗಾಗಿ ಚೆಂಡು ಸಾಮಾನ್ಯವಾಗಿ ನಮ್ಮ ಬಲಕ್ಕಿರುತ್ತೆ. ಬಲ ಅಂಚಿನಲ್ಲಿ ಓಡಿದರೆ ಎದುರಾಳಿಗೂ ಚೆಂಡಿಗೂ ನಡುವೆ ನಮ್ಮ ಮೈ ಅಡ್ಡ ಇರುತ್ತೆ. ಎಡ ಅಂಚಿನಲ್ಲಿ ಓಡುವಾಗ ಅದೇ ಚೆಂಡು ಮೈದಾನದ ಒಳಬದಿಗೆ, ಎದುರಾಳಿಯ ಕೈಗೆ ಎಟುಕುವ ಹಾಗೆ ಇರುತ್ತೆ. ಹೆದರಿಕೆಯಿಂದ ಯಾರೂ ಆ ಕಡೆ ಹೋಗುವುದಿಲ್ಲ. ಎದುರಿನ ತಂಡಗಳಿಗೂ ಇದು ಗೊತ್ತಾಗಿ, ಬಲಗಡೆಯೇ ಇಬ್ಬರನ್ನು ನಿಲ್ಲಿಸುತ್ತಿದ್ದರು. ಮೇಡಂ ಮೂರು ವಾರ ಎಡಗಡೆಯ ಅಭ್ಯಾಸ ಮಾಡಿಸಿದರು. ಆಮೇಲಿನ ಪಂದ್ಯದಲ್ಲಿ ಎಡದಿಂದ ಐದು ಸಲ ಒಳಗೆ ಹೋದರು. ಗೋಲು ಬರಲಿಲ್ಲ, ಎರಡು ಪೆನಾಲ್ಟಿ ಕಾರ್ನರ್ ಬಂತು, ಅಂದರೆ ಎದುರಾಳಿಯ ತಪ್ಪಿಗೆ ಸಿಗುವ, ಗೋಲು ಹೊಡೆಯುವ ಒಳ್ಳೆಯ ಅವಕಾಶ. ನನಗೆ ಅದು ಸಾಕಷ್ಟು ದೊಡ್ಡ ವಿಷಯ.

ದುಡ್ಡಿನ ಲೆಕ್ಕವೂ ಹೇಳಿಬಿಡುತ್ತೇನೆ. ಈ ತಂಡದಿಂದ ಪಂದ್ಯಕ್ಕೆ ಐನೂರು. ಇನ್ನೆರಡು ಕ್ಲಬ್‌ನವರು ಎಂಟುನೂರರಂತೆ ಕೊಡುತ್ತಿದ್ದಾರೆ. ಒಂದು ಟೂರ್ನಿ ನಡೆಸಿದವರು ಮೂರು ದಿನ ದುಡಿಸಿಕೊಂಡು ಕೊಡಲಿಲ್ಲ. ಈಗ ಮೊದಲೇ ಅರ್ಧ ಕೇಳುತ್ತೇನೆ. ಇಲ್ಲಿಯವರೆಗೆ ಕೈಗೆ ಬಂದದ್ದು ಇಪ್ಪತ್ತೊಂದು ಸಾವಿರದ ಚಿಲ್ಲರೆ. ಲ್ಯಾಪ್‌ಟಾಪ್ ದುಡ್ಡು ಬಂತು, ಕೋರ್ಸಿನದು ಇನ್ನೂ ಪೂರ್ತಿ ಬಂದಿಲ್ಲ. ತೋಟದ ಮೂರು ದಿನದ ಸಂಬಳ ಇಲ್ಲದಿದ್ದರೆ ಮನೆ ನಡೆಯುತ್ತಿರಲಿಲ್ಲ. ಹೆಂಡತಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದೆ.

ಕಳೆದ ವಾರ ತಂಡದ ಪಟ್ಟಿ ಮಾಡುವಾಗ ಮೇಡಂ ಒಬ್ಬ ಹುಡುಗಿಯನ್ನು ಬಿಡುವ ಯೋಚನೆಯಲ್ಲಿದ್ದರು. ಲೆಫ್ಟ್ ಹಾಫ್. ಮಾತು ಕಡಿಮೆ, ಆಟದಲ್ಲೂ ಕಣ್ಣಿಗೆ ಬೀಳುವುದಿಲ್ಲ. ನಾನು ಏನೂ ಹೇಳದೆ ಹೊಸ ಅಂಕಣ ತೋರಿಸಿದೆ. ನಾಲ್ಕು ಪಂದ್ಯದಲ್ಲಿ ಅತಿ ಹೆಚ್ಚು ಗೀಟು ಅವಳ ಹೆಸರಿನ ಮುಂದೆ ಇತ್ತು. ಆಮೇಲೆ ತುಣುಕು ಹಾಕಿದೆ. ಮೇಡಂ ಎರಡು ಸಲ ನೋಡಿ, ಅವಳನ್ನೇ ಕರೆಸಿದರು.

ಅವಳು ಸ್ಟಿಕ್ ಎದೆಗೆ ಒತ್ತಿಕೊಂಡು ನಿಂತು ನೋಡಿದಳು. "ಸರ್, ಇದರಲ್ಲಿ ನಾನು ಚೆಂಡೇ ಮುಟ್ಟಿಲ್ವಲ್ಲ?"

"ಮುಟ್ಟಿಲ್ಲಮ್ಮ. ಆ ಏಳನೇ ನಂಬರ್ ಹುಡುಗಿಯನ್ನು ನೋಡು. ಯಾರಿಗೆ ಕೊಡಬೇಕು ಅಂತ ನೋಡ್ತಿದ್ದಾಳೆ. ಕೊಡೋಕೆ ಆಗ್ತಿಲ್ಲ. ಯಾಕೆ?"

ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದಳು. ಆಮೇಲೆ ಬೆರಳಿಟ್ಟು ತನ್ನನ್ನೇ ತೋರಿಸಿದಳು. "ಇನ್ನೊಂದ್ಸಲ ಹಾಕಿ ಸರ್" ಅಂದಳು.

ಪಟ್ಟಿಯಲ್ಲಿ ಅವಳ ಹೆಸರಿದೆ. ಶನಿವಾರ ಪೊನ್ನಂಪೇಟೆಯಲ್ಲಿ ಪಂದ್ಯ. ಅಲ್ಲಿ ಸಿಂಥೆಟಿಕ್ ಟರ್ಫ್, ಚೆಂಡು ಬೇಗ ಓಡುತ್ತೆ, ಹಾಳೆಯಲ್ಲಿ ನಿಮಿಷದ ಮನೆಗಳನ್ನು ಇನ್ನೂ ಸಣ್ಣದು ಮಾಡಬೇಕು. ಏಣಿ ಒರಗಿಸಲು ಅಲ್ಲಿ ಜಾಗ ಎಲ್ಲಿದೆ ಅಂತ ಶುಕ್ರವಾರವೇ ಹೋಗಿ ನೋಡಿ ಬರುತ್ತೇನೆ.