ಬೆಶಿಕ್ತಾಶ್ ಗೆದ್ದದ್ದು ಒಂದೇ ಒಂದು ಗೋಲಿನಿಂದಲೇ?

ಟರ್ಕಿಯ ಫುಟ್‌ಬಾಲ್ ವಿಷಯ ಬಂದಾಗಲೆಲ್ಲ ಎದುರಾಗುವ ಪ್ರಶ್ನೆ ಇದು. ಅಲ್ಲಿನ ಅಗ್ರ ದರ್ಜೆಯ ಲೀಗ್ ಆದ ಸೂಪರ್ ಲೀಗ್‌ನ 2020–21ರ ಸೀಸನ್ನಿನಲ್ಲಿ ಬೆಶಿಕ್ತಾಶ್ ಮತ್ತು ಗಲಾತಸರಾಯ್ ಎರಡಕ್ಕೂ 84 ಅಂಕ. ಗೆಲುವು 26, ಡ್ರಾ 6, ಸೋಲು 8, ಅದೂ ಎರಡಕ್ಕೂ ಸಮ. ಹಾಗಿದ್ದ ಮೇಲೆ ಕಪ್ ಬೆಶಿಕ್ತಾಶ್ ಪಾಲಾದದ್ದು ಬರೀ ಒಂದು ಗೋಲಿನಿಂದಲೇ?

ಅಂಕಪಟ್ಟಿ ಹೌದು ಅನ್ನುತ್ತದೆ. ಬೆಶಿಕ್ತಾಶ್ 89 ಗೋಲು ಹೊಡೆದು 44 ಬಿಟ್ಟುಕೊಟ್ಟಿತು, ವ್ಯತ್ಯಾಸ 45. ಗಲಾತಸರಾಯ್ 80 ಹೊಡೆದು 36 ಬಿಟ್ಟುಕೊಟ್ಟಿತು, ವ್ಯತ್ಯಾಸ 44. ಆದರೆ ‘ಗಲಾತಸರಾಯ್ ಇನ್ನೊಂದು ಗೋಲು ಹೊಡೆದಿದ್ದರೆ ಸಾಕಿತ್ತು’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆ ಗೋಲು ಯಾವ ಪಂದ್ಯದಲ್ಲಿ ಬರಬೇಕಿತ್ತು ಅನ್ನುವುದರಲ್ಲೇ ಎಲ್ಲ ಇದೆ.

ಟರ್ಕಿಯಲ್ಲಿ ಅಂಕ ಸಮವಾದರೆ ಇಂಗ್ಲೆಂಡಿನಂತೆ ನೇರವಾಗಿ ಒಟ್ಟು ಗೋಲು ವ್ಯತ್ಯಾಸ ನೋಡುವುದಿಲ್ಲ. ಮೊದಲು ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳನ್ನಷ್ಟೇ ಬೇರೆ ತೆಗೆದು ಅಂಕ ಲೆಕ್ಕ ಹಾಕುತ್ತಾರೆ. ಅಲ್ಲೂ ಸಮವಾದರೆ ಆ ಪಂದ್ಯಗಳ ಗೋಲು ವ್ಯತ್ಯಾಸ. ಅದೂ ಸಮವಾದರೆ ಮಾತ್ರ ಇಡೀ ಸೀಸನ್ನಿನ ಗೋಲು ವ್ಯತ್ಯಾಸ. ಅಲ್ಲೂ ತೀರ್ಮಾನವಾಗದಿದ್ದರೆ ಯಾರು ಹೆಚ್ಚು ಗೋಲು ಹೊಡೆದರು ಅನ್ನುವುದು. ಅಲ್ಲಿನ ಅಭಿಮಾನಿಗಳ ಬಾಯಲ್ಲಿ ಮುಖಾಮುಖಿ ಲೆಕ್ಕ ‘ಇಕಿಲಿ ಅವೆರಾಜ್’, ಒಟ್ಟು ಲೆಕ್ಕ ‘ಗೆನೆಲ್ ಅವೆರಾಜ್’. ಮೇ ತಿಂಗಳು ಬಂತೆಂದರೆ ಇಸ್ತಾಂಬುಲ್‌ನಲ್ಲಿ ಈ ಲೆಕ್ಕ ಬಾರದವರೇ ಇಲ್ಲವೇನೋ.

ಆ ಸೀಸನ್ನಿನಲ್ಲಿ ಜನವರಿಯ ಡರ್ಬಿಯನ್ನು, ಅಂದರೆ ಒಂದೇ ಊರಿನ ಈ ಎರಡು ತಂಡಗಳ ಮುಖಾಮುಖಿ ಪಂದ್ಯವನ್ನು, ಬೆಶಿಕ್ತಾಶ್ ತನ್ನ ಅಂಗಳದಲ್ಲಿ 2–0ರಿಂದ ಗೆದ್ದಿತ್ತು. ಮೇ 8ರಂದು ಗಲಾತಸರಾಯ್ ತನ್ನ ಅಂಗಳದಲ್ಲಿ 3–1ರಿಂದ ತಿರುಗೇಟು ಕೊಟ್ಟಿತು. ಇಬ್ಬರಿಗೂ ಮೂರು ಅಂಕ, ಇಬ್ಬರಿಗೂ ಮೂರು ಗೋಲು. ಮುಖಾಮುಖಿ ಲೆಕ್ಕ ಅಲ್ಲಿಗೆ ಸೊನ್ನೆಯಾಯಿತು. ಅಂದು 4–1 ಆಗಿದ್ದರೆ ಆಮೇಲೆ ಅಂಕ ಸಮವಾದ ಕ್ಷಣವೇ ಕಪ್ ಗಲಾತಸರಾಯ್‌ನದು. ಬೆಶಿಕ್ತಾಶ್‌ನ 89 ಗೋಲುಗಳನ್ನು ಯಾರೂ ಎಣಿಸುತ್ತಲೇ ಇರಲಿಲ್ಲ.

ಅದೇ ಹೆಚ್ಚುವರಿ ಗೋಲು ಕೊನೆಯ ದಿನ ಬಂದಿದ್ದರೆ? ಮೇ 15ರ ಬೆಳಿಗ್ಗೆ ಎರಡೂ ತಂಡಗಳಿಗೆ 81 ಅಂಕ. ಬೆಶಿಕ್ತಾಶ್‌ನ ಗೋಲು ವ್ಯತ್ಯಾಸ 44, ಗಲಾತಸರಾಯ್‌ನದು 42. ಬೆಶಿಕ್ತಾಶ್ ಇಜ್ಮಿರ್‌ನಲ್ಲಿ ಗೊಜ್ತೆಪೆಯನ್ನು 2–1ರಿಂದ ಸೋಲಿಸಿತು. ಗೆಲುವಿನ ಗೋಲು ರಶೀದ್ ಗೆಝಾಲ್ ಹೊಡೆದ ಪೆನಾಲ್ಟಿ. ಗಲಾತಸರಾಯ್ ಯೇನಿ ಮಲತ್ಯಾಸ್ಪೋರ್ ಮೇಲೆ 3–1ರಿಂದ ಗೆದ್ದಿತು. ಅದು 4–1 ಆಗಿದ್ದರೂ ವ್ಯತ್ಯಾಸ 45ಕ್ಕೆ 45 ಆಗುತ್ತಿತ್ತು ಅಷ್ಟೆ. ಆಗ ಹೊಡೆದ ಗೋಲುಗಳ ಲೆಕ್ಕ: 89ರ ಎದುರು 81. ಕಪ್ ಆಗಲೂ ಬೆಶಿಕ್ತಾಶ್‌ಗೇ. ಗಲಾತಸರಾಯ್‌ಗೆ ಅಂದು ಬೇಕಿದ್ದದ್ದು ನಾಲ್ಕು ಗೋಲಿನ ಅಂತರದ ಗೆಲುವು, ಅಂದರೆ ಇನ್ನೂ ಎರಡು ಗೋಲು. ಡರ್ಬಿಯಲ್ಲಿ ಒಂದು ಸಾಕಿತ್ತು, ಕೊನೆಯ ದಿನವಾದರೆ ಎರಡು ಬೇಕಿತ್ತು. ಪ್ರಶ್ನೆಗೆ ಸರಿಯಾದ ಉತ್ತರ ಇದು.

ಇಷ್ಟು ಬಿಗಿಯಾಗಲು ಕಾರಣ ಬೆಶಿಕ್ತಾಶ್‌ನ ಕೊನೆಯ ಎಡವಟ್ಟು. ಮೂರು ಪಂದ್ಯ ಬಾಕಿ ಇದ್ದಾಗ ಬೆಶಿಕ್ತಾಶ್ ಕೋಚ್ ಸೆರ್ಗೆನ್ ಯಾಲ್ಚಿನ್ ಅವರ ಹುಡುಗರು ಕೋಚ್ ಫಾತಿಹ್ ತೆರಿಮ್ ಅವರ ಗಲಾತಸರಾಯ್‌ಗಿಂತ ಆರು ಅಂಕ ಮುಂದಿದ್ದರು. ಡರ್ಬಿ ಸೋತರು, ಮೂರೇ ದಿನದಲ್ಲಿ ತವರಿನಲ್ಲೇ ಕರಗುಮ್ರುಕ್‌ಗೆ 2–1ರಿಂದ ಸೋತರು. ಅತ್ತ ಕಪ್ಪಿನ ಓಟದಲ್ಲಿದ್ದ ಮೂರನೆಯ ತಂಡ ಫೆನೆರ್ಬಾಚೆ ಸಿವಾಸ್‌ಸ್ಪೋರ್ ಎದುರು ಸೋಲದೆ ಇದ್ದಿದ್ದರೆ ಕಥೆ ಇನ್ನೂ ಜಟಿಲವಾಗುತ್ತಿತ್ತು. ಅದು 82 ಅಂಕಕ್ಕೆ ನಿಂತಿತು. ಕೊನೆಗೆ ಗೋಲು ವ್ಯತ್ಯಾಸದಲ್ಲಿ ಬೆಶಿಕ್ತಾಶ್‌ನ ಕೈಹಿಡಿದದ್ದು ಮೇ ಮೊದಲ ವಾರಾಂತ್ಯದಲ್ಲಿ ಹತಾಯ್‌ಸ್ಪೋರ್ ಮೇಲೆ ಸಾಧಿಸಿದ 7–0 ಗೆಲುವು. ಐದಾರು ಗೋಲಾದ ಮೇಲೂ ಕಾಲು ನಿಲ್ಲಿಸದಿದ್ದರ ಬೆಲೆ ಎರಡೇ ವಾರಕ್ಕೆ ಗೊತ್ತಾಯಿತು. ಹತಾಯ್‌ಸ್ಪೋರ್ ಕಾಟಾಚಾರದ ತಂಡವೇನಲ್ಲ. ಆ ಸೀಸನ್ನಿನಲ್ಲಿ 22 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದ ಆರನ್ ಬೂಪೆಂಜಾ ಆಗ ಆ ತಂಡದಲ್ಲೇ ಇದ್ದರು.

ಹಳೆಯ ಪಟ್ಟಿಗಳನ್ನು ತೆಗೆದು ನೋಡುವವರಿಗೆ ಒಂದು ಎಚ್ಚರಿಕೆ. ಕೋವಿಡ್ ಕಾರಣಕ್ಕೆ ಹಿಂದಿನ ಸೀಸನ್ನಿನಲ್ಲಿ ಯಾವ ತಂಡವನ್ನೂ ಕೆಳದರ್ಜೆಗೆ ಇಳಿಸಲಿಲ್ಲ, ಕೆಳಗಿನಿಂದ ಮೂರು ತಂಡ ಬಂದದ್ದರಿಂದ ಸಂಖ್ಯೆ 21ಕ್ಕೆ ಏರಿತು. ಬೆಸ ಸಂಖ್ಯೆಯಾದ್ದರಿಂದ ಪ್ರತಿ ವಾರ ಒಂದು ತಂಡಕ್ಕೆ ರಜೆ: 42 ವಾರ, ತಲಾ 40 ಪಂದ್ಯ. ನಡುವಿನ ಯಾವುದೋ ವಾರದ ಪಟ್ಟಿ ಹಿಡಿದು ಯಾರು ಮುಂದಿದ್ದರು ಅನ್ನುವ ಮುನ್ನ ಆಡಿದ ಪಂದ್ಯಗಳ ಸಂಖ್ಯೆ ನೋಡಿ. ಸೀಸನ್ ಮುಗಿದಾಗ ಇಳಿದದ್ದು ಮೂರಲ್ಲ, ನಾಲ್ಕು ತಂಡ. ಈ 21ರ ಏರ್ಪಾಟು ಕಪ್ಪಿನ ಹಾದಿಯಲ್ಲೂ ಕೈಯಾಡಿಸಿದೆ: ಬೆಶಿಕ್ತಾಶ್‌ಗೆ ಪೆಟ್ಟು ಕೊಟ್ಟ ಕರಗುಮ್ರುಕ್ ಆಗಷ್ಟೇ ಮೇಲೆ ಬಂದ ತಂಡ, ಗಲಾತಸರಾಯ್‌ನ ಕೊನೆಯ ಎದುರಾಳಿ ಮಲತ್ಯಾಸ್ಪೋರ್ ಇಳಿಯಬೇಕಿದ್ದು ಉಳಿದುಕೊಂಡ ತಂಡ.

ಮೇಲಿನ ಎರಡು ತಂಡಗಳ ಅಂಕ ಹೀಗೆ ಸಮವಾದದ್ದು ಇದೇ ಮೊದಲಾ ಅಂತಲೂ ಕೇಳುತ್ತಾರೆ. ಅಲ್ಲ. 1985–86ರಲ್ಲಿ ಗಲಾತಸರಾಯ್ ಒಂದೂ ಪಂದ್ಯ ಸೋಲದೆ ಗೋಲು ವ್ಯತ್ಯಾಸದಲ್ಲಿ ಬೆಶಿಕ್ತಾಶ್‌ಗೆ ಕಪ್ ಬಿಟ್ಟುಕೊಟ್ಟಿತ್ತು. 1992–93ರಲ್ಲಿ ಅದೇ ಎರಡು ತಂಡಗಳ ಅಂಕ ಮತ್ತೆ ಸಮವಾದಾಗ ಗೋಲು ವ್ಯತ್ಯಾಸ ಗಲಾತಸರಾಯ್ ಕಡೆಗಿತ್ತು. ಅದು ಕೊನೆಯ ದಿನ ಅಂಕಾರಾಗುಜು ಮೇಲೆ ಎಂಟು ಗೋಲು ಹೊಡೆದಿತ್ತು. 2010–11ರಲ್ಲಿ ಫೆನೆರ್ಬಾಚೆ ಮತ್ತು ಟ್ರಾಬ್ಜಾನ್‌ಸ್ಪೋರ್ ತಲಾ 82 ಅಂಕಕ್ಕೆ ನಿಂತಾಗ ಮಾತ್ರ ಮುಖಾಮುಖಿ ಲೆಕ್ಕವೇ ಸಾಕಾಯಿತು: ಒಂದು ಪಂದ್ಯ ಫೆನೆರ್ಬಾಚೆಗೆ 2–0, ಇನ್ನೊಂದು ಟ್ರಾಬ್ಜಾನ್‌ಗೆ 3–2, ಒಟ್ಟು 4–3.