ಎಂಟು ಕಡಲೆಕಾಯಿ ಸಿಪ್ಪೆ

2023ರ ಜನವರಿ 30, ಸೋಮವಾರ. ಹಿಂದಿನ ರಾತ್ರಿಯಷ್ಟೇ ಭುವನೇಶ್ವರದಲ್ಲಿ ಜರ್ಮನಿ ಶೂಟೌಟ್‌ನಲ್ಲಿ ಬೆಲ್ಜಿಯಂ ತಂಡವನ್ನು ಸೋಲಿಸಿ ಹಾಕಿ ವಿಶ್ವಕಪ್ ಎತ್ತಿತ್ತು. ಭಾರತ ಅದಕ್ಕೂ ಒಂದು ವಾರ ಮೊದಲೇ ನ್ಯೂಜಿಲೆಂಡ್‌ಗೆ ಸೋತು ಕಪ್ಪಿನ ದಾರಿ ಬಿಟ್ಟಾಗಿತ್ತು. ಬೆಂಗಳೂರಿನ ಅಕ್ಕಿತಿಮ್ಮನಹಳ್ಳಿಯ ಹಾಕಿ ಮೈದಾನದ ಗ್ಯಾಲರಿಯಲ್ಲಿ ಸಂಜೆ ಹೊತ್ತು ಸೇರುವ ಏಳೆಂಟು ಜನಕ್ಕೆ ಆ ಉರಿ ಇನ್ನೂ ಆರಿರಲಿಲ್ಲ. ಕೆಳಗೆ ಹುಡುಗರು ಪೆನಾಲ್ಟಿ ಕಾರ್ನರ್ ಅಭ್ಯಾಸ ಮಾಡುತ್ತಿದ್ದರು. ಮೇಲೆ ಕಡಲೆಕಾಯಿ ಪೊಟ್ಟಣ ಕೈಯಿಂದ ಕೈಗೆ ಹೋಗುತ್ತಿತ್ತು. ಅಷ್ಟರಲ್ಲಿ ಯಾರದೋ ಫೋನಿಗೆ ಸುದ್ದಿ ಬಂತು: ಭಾರತ ತಂಡದ ಮುಖ್ಯ ಕೋಚ್ ಗ್ರಹಾಂ ರೀಡ್ ರಾಜೀನಾಮೆ. ಅವರ ಜೊತೆಗೆ ಅನಲಿಟಿಕಲ್ ಕೋಚ್ ಗ್ರೆಗ್ ಕ್ಲಾರ್ಕ್, ವೈಜ್ಞಾನಿಕ ಸಲಹೆಗಾರ ಮಿಚೆಲ್ ಪೆಂಬರ್ಟನ್ ಕೂಡ.

"ಹೋಗ್ಲಿ ಬಿಡು ಮಗಾ. 3–1 ಮುಂದಿದ್ದ ಮ್ಯಾಚ್ ಕಳ್ಕೊಂಡ್ಮೇಲೆ ಇನ್ನೇನು?"

"ಟೋಕಿಯೋದಲ್ಲಿ 41 ವರ್ಷದ ಮೇಲೆ ಮೆಡಲ್ ಬಂದಾಗ ಇದೇ ಮನುಷ್ಯನ ಫೋಟೋ ಡಿಪಿ ಹಾಕ್ಕೊಂಡಿದ್ದೋನು ನೀನೇ ಅಲ್ವೇನೋ?"

ಹಾಕಿ ಬಲ್ಲವರ ನಡುವೆಯೂ ಮೊದಲ ಹತ್ತು ನಿಮಿಷದ ಮಾತು ಇಷ್ಟೇ. ಒಬ್ಬನಿಗೆ ಸೇಡು ತೀರಿದ ಸಮಾಧಾನ, ಇನ್ನೊಬ್ಬನಿಗೆ ಅನ್ಯಾಯವಾಯಿತೆಂಬ ಸಂಕಟ. ಮೂರನೆಯವನದು ಯಾವಾಗಲೂ ಒಂದೇ ರಾಗ, "ಫಾರಿನ್ ಕೋಚ್ ಯಾಕ್ರೀ ಬೇಕು?" ಮೂವರೂ ಮಾತಾಡುತ್ತಿದ್ದದ್ದು ಒಬ್ಬ ಮನುಷ್ಯನ ಬಗ್ಗೆ. ಆ ಮನುಷ್ಯ ಹೋದರೆ ತಂಡದೊಳಗೆ ಏನೇನು ಅಲ್ಲಾಡುತ್ತದೆ ಎಂಬುದು ಆ ಹತ್ತು ನಿಮಿಷದಲ್ಲಿ ಯಾರ ಬಾಯಿಗೂ ಬರಲಿಲ್ಲ.

ಒಂದು ಕಾಲದಲ್ಲಿ ಬ್ಯಾಂಕ್ ತಂಡಕ್ಕೆ ಹಾಫ್‌ಬ್ಯಾಕ್ ಆಡುತ್ತಿದ್ದ ಹಿರಿಯರೊಬ್ಬರು, ಎಲ್ಲರಿಗೂ ಅಂಕಲ್, ಸುಮ್ಮನೆ ಕಡಲೆಕಾಯಿ ಸುಲಿಯುತ್ತಿದ್ದವರು ಸಿಪ್ಪೆಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಇಡತೊಡಗಿದರು, ಭಾರತ ತಂಡದ ಒಬ್ಬೊಬ್ಬ ಕೋಚ್‌ಗೆ ಒಂದೊಂದು. ಮೊದಲನೆಯದು 2009ರಲ್ಲಿ ಬಂದ ಸ್ಪೇನಿನ ಹೋಸೆ ಬ್ರಾಸಾ. ಆಮೇಲೆ ಮೈಕಲ್ ನಾಬ್ಸ್. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಾವು ಹನ್ನೆರಡನೆಯವರು, ಅಂದರೆ ಕೊನೆಯವರು. ಟೆರ್ರಿ ವಾಲ್ಶ್ 2014ರ ಇಂಚೆಯಾನ್ ಏಷ್ಯನ್ ಗೇಮ್ಸ್‌ನಲ್ಲಿ 16 ವರ್ಷದ ನಂತರ ಚಿನ್ನ ತಂದುಕೊಟ್ಟು, ಅದೇ ವರ್ಷ ಮನೆಗೆ ಹೋದರು. ಪಾಲ್ ವ್ಯಾನ್ ಆಸ್ 2015ರಲ್ಲಿ ಆರು ತಿಂಗಳ ಆಸುಪಾಸು. ರೋಲಂಟ್ ಓಲ್ಟ್‌ಮನ್ಸ್ 2017ರ ಸೆಪ್ಟೆಂಬರ್‌ವರೆಗೆ. ಮಹಿಳಾ ತಂಡದಿಂದ ಎತ್ತಿ ತಂದ ಶೋರ್ಡ್ ಮರೈನ್ ಎಂಟು ತಿಂಗಳು. ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದದ್ದೇ ಅವರನ್ನು ವಾಪಸ್ ಮಹಿಳೆಯರ ಕಡೆಗೆ, ಅಲ್ಲಿದ್ದ ಹರೇಂದ್ರ ಸಿಂಗ್ ಅವರನ್ನು ಇತ್ತ ಕಡೆಗೆ. ಹರೇಂದ್ರ 2019ರ ಜನವರಿಗೆ ಮುಗಿಯಿತು. ಎಂಟನೆಯದು ರೀಡ್. 2019ರ ಏಪ್ರಿಲ್‌ನಿಂದ ಮೂರೂಮುಕ್ಕಾಲು ವರ್ಷ, ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು. ಹಂಗಾಮಿಯಾಗಿ ಬಂದುಹೋದವರಿಗೆ ಅಂಕಲ್ ಸಿಪ್ಪೆ ಕೊಡಲಿಲ್ಲ.

"ಹದಿನಾಲ್ಕು ವರ್ಷ, ಎಂಟು ಜನ. ಒಲಿಂಪಿಕ್ಸ್ ನಾಲ್ಕು ವರ್ಷಕ್ಕೊಂದು. ಈಗ ಲೆಕ್ಕ ಹಾಕ್ರಪ್ಪ."

ಗೆದ್ದರೆ ಕೆಲಸ ಉಳಿಯುತ್ತದೆ ಎನ್ನುವಂತೆಯೂ ಇಲ್ಲ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಚಿನ್ನವನ್ನು ಬೆಂಗಳೂರಿನವರು ಮರೆಯುವುದಿಲ್ಲ. ಫೈನಲ್‌ನ ಟೈಬ್ರೇಕರ್‌ನಲ್ಲಿ ಗೋಲು ಕಾದವರು ನಮ್ಮ ಆಶಿಶ್ ಬಲ್ಲಾಳ್. ಆ ಚಿನ್ನ ತಂದ ಮೇಲೆ ಕೋಚ್ ಎಂ.ಕೆ. ಕೌಶಿಕ್ ಅವರಿಗೂ, ಬಲ್ಲಾಳ್ ಸೇರಿ ಹಲವು ಆಟಗಾರರಿಗೂ ತಂಡದಿಂದ ಹೊರದಾರಿ ತೋರಿಸಿದ್ದರು.

ಅಷ್ಟರಲ್ಲಿ ಕೆಳಗೆ ಒಂದು ಪುಶ್ ಹಾಳಾಯಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಕೋಚ್ ಬದಲಾವಣೆಯ ಪೆಟ್ಟು ಎಲ್ಲಕ್ಕಿಂತ ಮೊದಲು ಕಾಣುವುದು ಪೆನಾಲ್ಟಿ ಕಾರ್ನರ್‌ನಲ್ಲಿ.

ಚೆಂಡನ್ನು ಹಿಂಗೆರೆಯ ಮೇಲೆ, ಗೋಲ್‌ಪೋಸ್ಟ್‌ನಿಂದ 10 ಮೀಟರ್ ಆಚೆ ಇಡುತ್ತಾರೆ. ಪುಶ್ ಮಾಡುವವನ ಒಂದು ಕಾಲಾದರೂ ಮೈದಾನದ ಹೊರಗಿರಬೇಕು. ಎದುರಾಳಿಗಳಲ್ಲಿ ಗೋಲ್‌ಕೀಪರ್ ಸೇರಿ ಐವರು ಮಾತ್ರ ಗೆರೆಯ ಹಿಂದೆ, ಉಳಿದವರೆಲ್ಲ ಮಧ್ಯಗೆರೆಯಾಚೆ. ಚೆಂಡು ಗೋಲಿನ ಮುಂದೆ ಅರ್ಧವೃತ್ತದಂತಿರುವ, 14.63 ಮೀಟರ್ ತ್ರಿಜ್ಯದ ಡಿ ದಾಟಿ ಹೊರಗೆ ಹೋಗಬೇಕು, ಅಲ್ಲಿ ಒಬ್ಬ ಸ್ಟಿಕ್ ಮಲಗಿಸಿ ನಿಲ್ಲಿಸಬೇಕು, ಡ್ರ್ಯಾಗ್‌ಫ್ಲಿಕರ್ ಅದನ್ನು ಸ್ಟಿಕ್ಕಿಗೆ ಅಂಟಿಸಿಕೊಂಡಂತೆ ಎಳೆದು ಎಸೆಯಬೇಕು. ಮೊದಲ ಹೊಡೆತ ಹಿಟ್ ಆದರೆ ಗೋಲಿನೊಳಗಿನ 460 ಮಿಲಿಮೀಟರ್ ಹಲಗೆಯ ಎತ್ತರ ಮೀರುವಂತಿಲ್ಲ. ಫ್ಲಿಕ್‌ಗೆ ಆ ಕಟ್ಟಿಲ್ಲ. ಅದಕ್ಕೇ ಫ್ಲಿಕರ್‌ಗೆ ಇಷ್ಟು ಬೆಲೆ.

ಇಡೀ ಕೆಲಸ ಎರಡು ಸೆಕೆಂಡಿನ ಮಾತು. ಎಡವುವುದು ಎಲ್ಲಿ? ಜನ ಬೈಯುವುದು ಫ್ಲಿಕರ್‌ನನ್ನು, ಆದರೆ ಅರ್ಧಕ್ಕರ್ಧ ಸಲ ತಪ್ಪು ಅದಕ್ಕೂ ಮೊದಲೇ ಆಗಿರುತ್ತದೆ. ಪುಶ್ ನೆಲ ಬಿಟ್ಟು ಒಂದೆರಡು ಸಲ ಪುಟಿದರೆ ಸ್ಟಾಪರ್‌ನ ಸ್ಟಿಕ್ ಮೇಲೆ ಜಿಗಿಯುತ್ತದೆ. ನಿಧಾನವಾದರೆ ಎದುರಿನ ಮೊದಲ ರಶರ್, ಅಂದರೆ ತಡೆಯಲು ಗೋಲಿನಿಂದ ಓಡಿಬರುವವನು, ಇನ್ನೆರಡು ಹೆಜ್ಜೆ ಹತ್ತಿರ ಬಂದು ಕೋನ ಮುಚ್ಚುತ್ತಾನೆ. ಸ್ಟಾಪ್ ಒಂದು ಗೇಣು ಆಚೀಚೆಯಾದರೆ ಫ್ಲಿಕರ್‌ನ ಎಡಗಾಲು ಬೀಳಬೇಕಾದಲ್ಲಿ ಬೀಳುವುದಿಲ್ಲ, ಚೆಂಡು ಕೀಪರ್‌ನ ಪ್ಯಾಡಿಗೆ ನೇರ. ಟರ್ಫ್‌ಗೆ ನೀರು ಸಾಲದಿದ್ದರಂತೂ ಮುಗಿಯಿತು. ಒಣ ಹಾಸಿನ ಮೇಲೆ ಚೆಂಡು ಕುಣಿಯುತ್ತದೆ. (ಈ ಮೈದಾನವೇ ಒಂದು ಕಾಲಕ್ಕೆ ಅಕ್ಕಿತಿಮ್ಮನಹಳ್ಳಿ ಕೆರೆ. ಈಗ ಅದೇ ಜಾಗದಲ್ಲಿ ಹಾಸಿಗೆ ನೀರು ಹಾಯಿಸಿದ್ದಾರೋ ಇಲ್ಲವೋ ಎಂದು ನೋಡುವ ಹಣೆಬರಹ.)

ಪುಶ್, ಸ್ಟಾಪ್, ಫ್ಲಿಕ್, ಈ ಮೂವರ ಹೊಂದಾಣಿಕೆ ಬರುವುದು ಅದೇ ಮೂವರು ತಿಂಗಳುಗಟ್ಟಲೆ ಸೇರಿ ಮಾಡಿದಾಗ. ಹೊಸ ಕೋಚ್ ಬಂದ ಕೂಡಲೇ ಸನ್ನೆಗಳು ಬದಲು, ನೇರ ಫ್ಲಿಕ್ಕೋ ಪಕ್ಕಕ್ಕೆ ತಳ್ಳುವ ತಂತ್ರವೋ ಎಂಬ ಲೆಕ್ಕ ಬದಲು, ಕೆಲವೊಮ್ಮೆ ಪುಶ್ ಮಾಡುವವನೇ ಬದಲು. 2021ರಲ್ಲಿ ಟೋಕಿಯೋ ಮುಗಿದ ಮೇಲೆ ರೂಪಿಂದರ್ ಪಾಲ್ ಸಿಂಗ್ ನಿವೃತ್ತರಾದರು. ಅಲ್ಲಿಂದಾಚೆ ಫ್ಲಿಕ್ ಭಾರವೆಲ್ಲ ಹೆಚ್ಚುಕಡಿಮೆ ಹರ್ಮನ್‌ಪ್ರೀತ್ ಸಿಂಗ್ ಹೆಗಲಿಗೆ ಬಿತ್ತು. ವಿಶ್ವಕಪ್‌ನಲ್ಲಿ ಅವರ ಫ್ಲಿಕ್ ಕೈಕೊಟ್ಟಾಗ ಗ್ಯಾಲರಿಯ ಬೈಗುಳ ಪೂರ್ತಿ ಅವರಿಗೇ ಸಂದಾಯ.

ಜನವರಿ 22ರ ನ್ಯೂಜಿಲೆಂಡ್ ಪಂದ್ಯವನ್ನು ಆ ಸಂಜೆ ಮತ್ತೆ ಆಡಿದಂತಾಯಿತು. ಮೊದಲು 2–0, ನಂತರ 3–1, ಕೊನೆಗೆ 3–3. ಶೂಟೌಟ್‌ನಲ್ಲಿ ಸಡನ್ ಡೆತ್‌ಗೆ ಹೋಗಿ 4–5. ಹಾರ್ದಿಕ್ ಸಿಂಗ್ ತೊಡೆಯ ಸ್ನಾಯು ಹಿಡಿದು ಆಚೆ ಕೂತಿದ್ದರು. "ಮುಂದಿದ್ದಾಗ ಆಟ ನಿಧಾನ ಮಾಡೋಕೆ ನಮಗೆ ಯಾರೂ ಹೇಳ್ಕೊಟ್ಟಿಲ್ಲ" ಎಂಬುದು ಅಂಕಲ್ ದೂರು. ನಮ್ಮ ಪ್ರಕಾರ ಅದು ಅರ್ಧ ನಿಜ. ಮುಂದಿರುವಾಗ ಇಡೀ ತಂಡ ಮೇಲೇರಿ ಒತ್ತುತ್ತಿದ್ದರೆ ಬೆನ್ನ ಹಿಂದೆ ಬಯಲು ಬಿಟ್ಟಂತೆ. ಒಂದು ಉದ್ದನೆಯ ಪಾಸ್ ದಾಟಿದರೆ ಇಬ್ಬರು ಡಿಫೆಂಡರ್‌ಗಳೆದುರು ಮೂವರು. ಮಧ್ಯಗೆರೆಗೆ ಇಳಿದು ಕಾದರೆ ಬಯಲು ಮುಚ್ಚುತ್ತದೆ, ಆದರೆ ಚೆಂಡು ಅವರದಾಗುತ್ತದೆ, ಪೆನಾಲ್ಟಿ ಕಾರ್ನರ್ ಬಿಟ್ಟುಕೊಡುವ ಭಯ. ಎರಡರಲ್ಲಿ ಯಾವುದು ಎಂದು ತೀರ್ಮಾನಿಸುವವರು ಕೋಚ್. ಆದರೆ ಆ ಗೆರೆಗೆ ಹನ್ನೊಂದೂ ಜನ ಒಟ್ಟಿಗೆ ಇಳಿಯದೆ ಒಬ್ಬ ಮಾತ್ರ ಹಳೆ ಅಭ್ಯಾಸದಲ್ಲಿ ಮುಂದೆ ಓಡಿದರೆ ಎರಡೂ ಕೆಡುತ್ತದೆ. ಹೊಸ ಕೋಚ್‌ನ ಮೊದಲ ತಿಂಗಳುಗಳಲ್ಲಿ ತಿನ್ನುವ ಗೋಲುಗಳಲ್ಲಿ ಬಹಳಷ್ಟು ಈ ಜಾತಿಯವು.

ಫಾರಿನ್ ಕೋಚ್ ತಕರಾರಿಗೆ ಭಾಷೆಯ ಕಾರಣ ಕೊಡುವವರಿದ್ದಾರೆ. ಕ್ವಾರ್ಟರ್ 15 ನಿಮಿಷ, ನಡುವಿನ ಬಿಡುವು 2 ನಿಮಿಷ. ಅಷ್ಟರಲ್ಲಿ ಇಂಗ್ಲಿಷಿನಲ್ಲಿ ಹೇಳಿ ಅದು ತಲೆಗೆ ಹೋಗುವುದು ಯಾವಾಗ ಎಂದು. ಮಾತಿನಲ್ಲಿ ಹುರುಳಿದೆ. ಆದರೆ ಸುಂದರ್‌ಗಢದ ಹುಡುಗ, ಮಣಿಪುರದ ಹುಡುಗ, ಜಲಂಧರದ ಹುಡುಗ ಒಟ್ಟಿಗೆ ನಿಂತ ವೃತ್ತದಲ್ಲಿ ಹಿಂದಿಯೂ ಎಲ್ಲರ ಮನೆಮಾತಲ್ಲ. ಆ ಎರಡು ನಿಮಿಷದಲ್ಲಿ ಹೊಸ ಪಾಠ ಯಾರೂ ಮಾಡುವುದಿಲ್ಲ. ಶಿಬಿರದಲ್ಲಿ ನೂರು ಸಲ ಮಾಡಿದ್ದಕ್ಕೆ ಒಂದು ಹೆಸರು ಇಟ್ಟಿರುತ್ತಾರೆ, ಆ ಹೆಸರು ಕೂಗುತ್ತಾರೆ ಅಷ್ಟೆ.

ಶಿಬಿರ ಎಂದ ಕೂಡಲೇ ಬೆಂಗಳೂರಿನವರ ಹಳೆ ಗಾಯ ಕೆರಳುತ್ತದೆ. ರಾಷ್ಟ್ರೀಯ ಶಿಬಿರ ನಡೆಯುವುದು ನಮ್ಮದೇ ಮೈಸೂರು ರಸ್ತೆ ಕಡೆಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಲ್ಲಿ. ಕೋಚ್ ಇಲ್ಲೇ, ಆಟಗಾರರು ಇಲ್ಲೇ. 20 ಮೀಟರ್ ಹೋಗಿ 20 ಮೀಟರ್ ಬಂದು 10 ಸೆಕೆಂಡ್ ಉಸಿರು ಬಿಟ್ಟು ಮತ್ತೆ ಓಡುವ ಯೋ-ಯೋ ಪರೀಕ್ಷೆಯೂ ಇಲ್ಲೇ. ದೊಡ್ಡ ಪಂದ್ಯ ಮಾತ್ರ ಭುವನೇಶ್ವರ, ರೂರ್ಕೆಲಾದಲ್ಲಿ. ಅಡುಗೆ ನಮ್ಮ ಮನೆಯಲ್ಲಿ, ಊಟ ಪಕ್ಕದ ಬೀದಿಯಲ್ಲಿ.

2016ರ ರಿಯೋ ಒಲಿಂಪಿಕ್ಸ್ ತಂಡದಲ್ಲಿ ಎಸ್.ವಿ. ಸುನಿಲ್, ವಿ.ಆರ್. ರಘುನಾಥ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ, ಹೀಗೆ ನಾಲ್ವರು ಕರ್ನಾಟಕದವರು. 2023ರ ವಿಶ್ವಕಪ್‌ನ ಹದಿನೆಂಟರಲ್ಲಿ ಒಬ್ಬರೂ ಇಲ್ಲ. "ಹೊಸ ಕೋಚ್ ಬಂದ್ರೆ ನಮ್ಮ ಕೊಡಗಿನ ಹುಡುಗರಿಗೆ ಚಾನ್ಸ್ ಸಿಗುತ್ತೆ" ಎಂದು ಒಬ್ಬ ಆಸೆಪಟ್ಟ. ಸಿಗುವುದಿಲ್ಲ. ಕೋಚ್ ಆರಿಸುವುದು ಶಿಬಿರಕ್ಕೆ ಬಂದವರಲ್ಲಿ. ಶಿಬಿರದ ಬಾಗಿಲವರೆಗೆ ಹುಡುಗನನ್ನು ತಲುಪಿಸುವುದು ರಾಷ್ಟ್ರೀಯ ಟೂರ್ನಿಗಳು, ರೈಲ್ವೆ, ಪೆಟ್ರೋಲಿಯಂ, ಸರ್ವಿಸಸ್‌ನಂಥ ತಂಡಗಳು, ಅದಕ್ಕೂ ಹಿಂದೆ ಕೂಡಿಗೆಯಂಥ ಕ್ರೀಡಾಶಾಲೆಗಳು. ಕೊಡವ ಹಾಕಿ ಉತ್ಸವದಲ್ಲಿ ಕುಟುಂಬ ಕುಟುಂಬವೇ ಸ್ಟಿಕ್ ಹಿಡಿದು ಇಳಿಯುತ್ತದೆ, ನಿಜ. ಅಲ್ಲಿಂದ ನೀಲಿ ಟರ್ಫ್‌ಗೆ ಇರುವ ದಾರಿ ಸವೆದಿದ್ದರೆ ಅದನ್ನು ಆಸ್ಟ್ರೇಲಿಯಾದವರಾಗಲಿ ದಕ್ಷಿಣ ಆಫ್ರಿಕಾದವರಾಗಲಿ ಬಂದು ರಿಪೇರಿ ಮಾಡಲಾರರು.

ಮಾರ್ಚ್‌ನಲ್ಲಿ ಒಂದು ತಮಾಷೆ ನಡೆಯಿತು. ಹಂಗಾಮಿಯಾಗಿ ಡೇವಿಡ್ ಜಾನ್, ಅವರ ಜೊತೆಗೆ ನಮ್ಮವರೇ ಆದ ಬಿ.ಜೆ. ಕಾರ್ಯಪ್ಪ ಮತ್ತು ಶಿವೇಂದ್ರ ಸಿಂಗ್ ತಂಡ ನೋಡಿಕೊಂಡರು. ರೂರ್ಕೆಲಾದ ಪ್ರೊ ಲೀಗ್‌ನಲ್ಲಿ ಭಾರತ ವಿಶ್ವ ಚಾಂಪಿಯನ್ ಜರ್ಮನಿಯನ್ನು ಎರಡು ಸಲ, ಆಸ್ಟ್ರೇಲಿಯಾವನ್ನು ಒಮ್ಮೆ ನೇರವಾಗಿ, ಇನ್ನೊಮ್ಮೆ ಡ್ರಾ ಆದ ಮೇಲೆ ಶೂಟೌಟ್‌ನಲ್ಲಿ ಸೋಲಿಸಿತು. "ನೋಡಿದ್ರಾ, ಕೋಚೇ ಬೇಡ!" ಎಂದು ಗ್ಯಾಲರಿ ಕುಣಿಯಿತು. ಸೋತರೆ ಮನೆ ಎಂಬ ಭಯವಿಲ್ಲದ ಲೀಗ್ ಪಂದ್ಯಗಳು ಅವು. ಆಡುತ್ತಿದ್ದ ಆಟವೂ ರೀಡ್ ಕಲಿಸಿದ್ದೇ. ಹೊಸ ಪಾಠ ಶುರುವಾಗುವ ಮೊದಲಿನ ಈ ಬಿಡುವಿನಲ್ಲಿ ತಂಡಗಳು ಎಷ್ಟೋ ಸಲ ಹೀಗೆ ಹಗುರಾಗಿ ಆಡುತ್ತವೆ.

ಅದೇ ತಿಂಗಳು ಕ್ರೇಗ್ ಫುಲ್ಟನ್ ಹೆಸರು ಹೊರಬಿತ್ತು. ದಕ್ಷಿಣ ಆಫ್ರಿಕಾದವರು, ಐರ್ಲೆಂಡ್ ತಂಡವನ್ನು ರಿಯೋಗೆ ಕರೆದೊಯ್ದವರು, ಟೋಕಿಯೋದಲ್ಲಿ ಚಿನ್ನ ಗೆದ್ದ ಬೆಲ್ಜಿಯಂಗೆ ಸಹಾಯಕ ಕೋಚ್ ಆಗಿದ್ದವರು. ಮೊದಲು ಗೋಲು ಬಿಟ್ಟುಕೊಡಬೇಡಿ, ಗೆಲುವು ಅಲ್ಲಿಂದ ಹುಟ್ಟುತ್ತದೆ ಎನ್ನುವ ಪೈಕಿ. ಗ್ಯಾಲರಿಗೆ ಇದು ಹಿಡಿಸಲಿಲ್ಲ. ಹಾಕಿ ಎಂದರೆ ಮುನ್ನುಗ್ಗಬೇಕು, ನಾಲ್ಕು ಜನರನ್ನು ಡ್ರಿಬಲ್ ಮಾಡಬೇಕು ಎಂಬ ಊರು ಇದು. ಜೂನ್‌ನಲ್ಲಿ ಮಾನಸಿಕ ತರಬೇತಿಗೆ ಪ್ಯಾಡಿ ಅಪ್ಟನ್ ಬಂದರು. ವಿಶ್ವಕಪ್ ಸೋತಾಗ ರೀಡ್ ಬೇಕೆಂದು ಕೇಳಿದ್ದು ಇಂಥವರನ್ನೇ. ಕೇಳಿದವರು ಹೋದ ಮೇಲೆ ಬಂತು.

ಆಗಸ್ಟ್‌ನಲ್ಲಿ ಚೆನ್ನೈಯ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಮಲೇಷ್ಯಾ ಎದುರು 1–3 ಹಿಂದಿದ್ದು 4–3 ಗೆಲುವು, ಅಕ್ಟೋಬರ್ 6ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಜಪಾನ್ ವಿರುದ್ಧ 5–1, ಪ್ಯಾರಿಸ್ ಒಲಿಂಪಿಕ್ಸ್ ಟಿಕೆಟ್. ಎಲ್ಲರೂ ಫುಲ್ಟನ್ ಪಾರ್ಟಿ. 2024ರ ಏಪ್ರಿಲ್‌ನಲ್ಲಿ ಪರ್ತ್‌ಗೆ ಹೋಗಿ ಐದಕ್ಕೆ ಐದೂ ಪಂದ್ಯ ಸೋತು ಬಂದರು. "ಅಂಕಲ್, ಒಂಬತ್ತನೇ ಸಿಪ್ಪೆ ರೆಡಿ ಮಾಡ್ಕೊಳಿ" ಎಂದರು ಅದೇ ಹುಡುಗರು. ಅಂಕಲ್ ಕೇಳಿದ್ದು ಬೇರೆ: "ಕಾರ್ನರ್ ತಡೆಯೋಕೆ ಮೊದಲು ಓಡೋನು ಯಾರು? ಅಮಿತ್ ರೋಹಿದಾಸ್ ತಾನೇ? ಅವನಿಗೆ ಏನಾದ್ರೂ ಆದ್ರೆ ಎರಡನೆಯವನು ಯಾರು, ಅದನ್ನ ನೋಡ್ರೋ."

ಮೊದಲ ರಶರ್‌ನ ಕೆಲಸ ಹೇಳಿದಷ್ಟು ಸುಲಭವಲ್ಲ. ಮುಖಕ್ಕೆ ಮಾಸ್ಕ್, ಮಂಡಿಗೆ ಗಾರ್ಡ್ ಕಟ್ಟಿಕೊಂಡು, ಪುಶ್ ಆದ ಕ್ಷಣಕ್ಕೆ ಗೋಲಿನೊಳಗಿಂದ ಫ್ಲಿಕರ್ ಕಡೆಗೆ ನೆಟ್ಟಗೆ ಓಡಬೇಕು, ಎದುರಿಂದ ಗಂಟೆಗೆ 100 ಕಿಲೋಮೀಟರ್ ಮೀರಿ ಬರಬಹುದಾದ ಚೆಂಡಿಗೆ ಮೈಯೊಡ್ಡಿ. ಅರ್ಧ ಸೆಕೆಂಡ್ ಮೊದಲು ಹೊರಟರೆ ಅಂಪೈರ್ ಅವನನ್ನು ಮಧ್ಯಗೆರೆಗೆ ಕಳಿಸುತ್ತಾರೆ. ತಡವಾದರೆ ಓಡಿದ್ದೇ ದಂಡ. ಅವನು ಒಂದು ಬದಿಯ ಕೋನ ಮುಚ್ಚುತ್ತಾನೆಂದು ನಂಬಿಯೇ ಕೀಪರ್ ಇನ್ನೊಂದು ಬದಿಗೆ ವಾಲಿರುತ್ತಾನೆ.

ಆಗಸ್ಟ್ 4, ಪ್ಯಾರಿಸ್, ಬ್ರಿಟನ್ ವಿರುದ್ಧ ಕ್ವಾರ್ಟರ್‌ಫೈನಲ್. 17ನೇ ನಿಮಿಷಕ್ಕೆ ರೋಹಿದಾಸ್‌ಗೆ ರೆಡ್ ಕಾರ್ಡ್. ಉಳಿದ 43 ನಿಮಿಷ ಹತ್ತೇ ಜನ. ಮುನ್ನುಗ್ಗುವ ಹಾಕಿಯೇ ಹಾಕಿ ಎನ್ನುತ್ತಿದ್ದವರೆಲ್ಲ ಅವತ್ತು ಟೀವಿ ಮುಂದೆ "ಹಿಂದೆ ಬನ್ರೋ, ಹಿಂದೆ ಬನ್ರೋ" ಎಂದು ಕೂಗುತ್ತಿದ್ದರು. ಬ್ರಿಟನ್‌ಗೆ ಒಂದೇ ಗೋಲು ಸಿಕ್ಕಿತು, ಅದೂ ಕಾರ್ನರ್‌ನಿಂದಲ್ಲ. 1–1, ಶೂಟೌಟ್‌ನಲ್ಲಿ ನಮ್ಮ ಗೋಲ್‌ಕೀಪರ್ ಶ್ರೀಜೇಶ್, 4–2.

ಎರಡು ದಿನ ಬಿಟ್ಟು ಜರ್ಮನಿ ವಿರುದ್ಧ ಸೆಮಿಫೈನಲ್. ಅಮಾನತಾದ ರೋಹಿದಾಸ್ ಹೊರಗೆ. ಭಾರತವೇ ಮೊದಲು ಗೋಲು ಹೊಡೆದಿತ್ತು. 18ನೇ ನಿಮಿಷಕ್ಕೆ ಜರ್ಮನಿಗೆ ಪೆನಾಲ್ಟಿ ಕಾರ್ನರ್. ಪುಶ್ ಶುದ್ಧವಾಗಿ ಬಂತು, ಸ್ಟಾಪ್ ಅಲುಗಲಿಲ್ಲ, ಗೊಂಜಾಲೊ ಪೀಲಟ್ ಎಳೆದು ಬಿಟ್ಟರು, 1–1. ಕೊನೆಗೆ 2–3ರಲ್ಲಿ ಸೋಲು. ಪಂದ್ಯ ಮುಗಿದ ಮೇಲೆ ಹುಡುಗರು ಶುರುಮಾಡಿದ್ದು ಕೋಚ್‌ನಿಂದಲೇ. ಅಂಕಲ್ ಮಾತ್ರ ಮರುಪ್ರಸಾರದಲ್ಲಿ ಆ 18ನೇ ನಿಮಿಷ ಮತ್ತೆ ಬರಲೆಂದು ಕಾದು ಕೂತಿದ್ದರು. ಬಂದಾಗ ಬೆರಳಿಟ್ಟದ್ದು ಪೀಲಟ್ ಮೇಲಲ್ಲ, ನಮ್ಮ ಗೋಲಿನಿಂದ ಓಡಿಬಂದವನ ಮೇಲೆ.

"ಎರಡು ಹೆಜ್ಜೆ ಸಾಲ್ದು," ಅಂದರು.